ಪ್ಲಾಟಿನಂನ ಪೀಠ, ಇಂಗಾಲದ ಹಾಳೆ

ಕಳೆದ ಯುಗಾದಿಯ ಸಂಜೆ ಸ್ಯಾನ್ ರಮೋನಿನ ನಮ್ಮ ಮನೆಯಲ್ಲಿ ಏಳೆಂಟು ಕನ್ನಡ ಕುಟುಂಬಗಳು ಸೇರಿದ್ದವು. ಹೋಳಿಗೆಯ ಊಟ ಮುಗಿದು ಎಲೆಯಡಿಕೆಯ ತಟ್ಟೆ ಕೈಯಿಂದ ಕೈಗೆ ಸಾಗುತ್ತಿದ್ದ ವೇಳೆಗೆ ಮಾತು, ಇಂತಹ ಕೂಟಗಳಲ್ಲಿ ಎಂದಿನಂತೆ, ಕನ್ನಡಿಗರ ಸಾಧನೆಗಳತ್ತ ಹೊರಳಿತು. ಹಿರಿಯರೊಬ್ಬರು ಅಭಿಮಾನದಿಂದ, "ಗ್ರಾಫೀನ್ ಎಂಬ ಅದ್ಭುತ ವಸ್ತುವನ್ನು ಕಂಡುಹಿಡಿದವರೇ ನಮ್ಮ ಸಿ.ಎನ್.ಆರ್. ರಾವ್. ಇನ್ನು ಮುಂದೆ ಕಾರಿಗೆ ಪೆಟ್ರೋಲೂ ಬೇಡ, ಪ್ಲಾಟಿನಮ್ಮೂ ಬೇಡ" ಎಂದರು. ಒಪ್ಪಿ ತಲೆದೂಗಿದವರೇ ಹೆಚ್ಚು. ಅಷ್ಟರಲ್ಲಿ ಒಳಕೋಣೆಯಿಂದ ನನ್ನ ಅತ್ತೆಯವರು, "ಏನಂದರು? ಒಂದೂ ಕೇಳಿಸಲಿಲ್ಲ. ಕಿವಿಯ ಬ್ಯಾಟರಿ ಮುಗಿದಿದೆ, ಹೊಸದು ಹಾಕಿಕೊಡಮ್ಮ" ಎಂದು ಕರೆದರು. ಅಂಗಿಯ ಗುಂಡಿಗಿಂತ ಚಿಕ್ಕದಾದ ಆ ಬ್ಯಾಟರಿಯ ಬೆನ್ನಿಗೆ ಅಂಟಿದ್ದ ಕಿತ್ತಳೆ ಬಣ್ಣದ ಚೀಟಿಯನ್ನು ಕಿತ್ತು, ಒಂದೆರಡು ನಿಮಿಷ ಗಾಳಿಗೆ ಬಿಟ್ಟು, ಶ್ರವಣಯಂತ್ರದೊಳಗೆ ಇಟ್ಟುಕೊಟ್ಟೆ.

ಆ ಹಿರಿಯರ ಮಾತಿಗೂ ಅತ್ತೆಯವರ ಬ್ಯಾಟರಿಗೂ ನೇರವಾದ ನಂಟಿದೆಯೆಂಬುದು ಅಂದು ನನಗೆ ತಿಳಿದಿರಲಿಲ್ಲ. ನಾನು ವಿಜ್ಞಾನ ಓದಿದವಳಲ್ಲ. ಮೈಸೂರಿನಲ್ಲಿ ಇತಿಹಾಸವನ್ನು ಮುಖ್ಯ ವಿಷಯವಾಗಿ ತೆಗೆದುಕೊಂಡು ಬಿ.ಎ. ಮುಗಿಸಿ, ಅನಂತರ ಮನೆವಾರ್ತೆಯಲ್ಲಿ ಮೂವತ್ತು ವರ್ಷ ಕಳೆದವಳು. ಆದರೆ ಯಾವುದೇ ಹೇಳಿಕೆಯನ್ನು ಕೇಳಿದಾಗ "ಯಾರು, ಎಂದು, ಯಾವ ಆಧಾರದ ಮೇಲೆ" ಎಂದು ವಿಚಾರಿಸುವ ಅಭ್ಯಾಸವನ್ನು ನಮ್ಮ ಅಧ್ಯಾಪಕರು ಕಲಿಸಿದ್ದರು. ಆ ಅಭ್ಯಾಸವೇ ಗ್ರಂಥಾಲಯದ ಹಾದಿ ಹಿಡಿಸಿತು. ರಸಾಯನಶಾಸ್ತ್ರ ಓದಿರುವ ನನ್ನ ಮಗಳು ಕಠಿಣವಾದ ಪುಟಗಳನ್ನು ಬಿಡಿಸಿ ಹೇಳಿದಳು.

ಮೊದಲು ಇಂಧನಕೋಶವೆಂದರೇನೆಂಬುದನ್ನು ತಿಳಿಯೋಣ. ಒಂದು ಬದಿಯಿಂದ ಜಲಜನಕವನ್ನೂ ಮತ್ತೊಂದು ಬದಿಯಿಂದ ಗಾಳಿಯನ್ನೂ ಒಳಬಿಟ್ಟರೆ, ಉರಿಯಿಲ್ಲದೆ, ಹೊಗೆಯಿಲ್ಲದೆ, ವಿದ್ಯುತ್ತನ್ನೂ ನೀರನ್ನೂ ಹೊರಗೆ ಕೊಡುವ ಪೆಟ್ಟಿಗೆ ಅದು. ಇಲ್ಲಿ ಕನ್ನಡದ ಪಾರಿಭಾಷಿಕ ಶಬ್ದಗಳನ್ನು ಕುರಿತು ಒಂದು ಮಾತು ಹೇಳದೆ ಮುಂದುವರಿಯಲು ಮನಸ್ಸಾಗದು. ಫ್ರಾನ್ಸಿನ ಲವಾಸಿಯೇ ಹದಿನೆಂಟನೆಯ ಶತಮಾನದಲ್ಲಿ ಈ ಎರಡು ಅನಿಲಗಳಿಗೆ ಗ್ರೀಕ್ ಮೂಲದ ಹೆಸರುಗಳನ್ನಿಟ್ಟ. ನಮ್ಮವರು ಅವುಗಳ ಅರ್ಥವನ್ನೇ ಹಿಡಿದು ಜಲಜನಕ, ಆಮ್ಲಜನಕ ಎಂದರು. ಎಲ್ಲ ಆಮ್ಲಗಳ ಹುಟ್ಟಿಗೂ ಆಮ್ಲಜನಕವೇ ಕಾರಣವೆಂದು ಲವಾಸಿಯೇ ತಪ್ಪಾಗಿ ಭಾವಿಸಿದ್ದ. ಆ ತಪ್ಪನ್ನು ನಮ್ಮ ಶಬ್ದವೂ ಇಂದಿನವರೆಗೆ ಹೊತ್ತುಕೊಂಡು ಬಂದಿದೆ. ಆದರೆ ಜಲವನ್ನು ಹುಟ್ಟಿಸುವುದು ಜಲಜನಕವೆಂಬ ಹೆಸರು ಇಂಧನಕೋಶದಲ್ಲಿ ಅಕ್ಷರಶಃ ನಿಜವಾಗುತ್ತದೆ. ಚಂದ್ರನೆಡೆಗೆ ಹೋದ ಅಪೊಲೊ ಯಾತ್ರಿಕರು ಕುಡಿದದ್ದು ತಮ್ಮ ನೌಕೆಯ ಇಂಧನಕೋಶಗಳು ಕೊಟ್ಟ ನೀರನ್ನೇ.

ಈ ಕೋಶದ ಮೊದಲ ರೂಪವನ್ನು 1839ರಲ್ಲಿ ತೋರಿಸಿದವನು ವೇಲ್ಸ್ ದೇಶದ ವಿಲಿಯಂ ಗ್ರೋವ್. ಅವನು ವೃತ್ತಿಯಿಂದ ವಕೀಲ, ಮುಂದೆ ನ್ಯಾಯಾಧೀಶನಾದ. ಹೆಚ್ಚುಕಡಮೆ ಅದೇ ಸಮಯದಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದ್ದ ಶೋನ್‌ಬೈನ್ ಎಂಬ ಪಂಡಿತನೂ ಈ ತತ್ತ್ವವನ್ನು ಗುರುತಿಸಿದ್ದ. ಗ್ರೋವ್ ಗಂಧಕಾಮ್ಲದ ನೀರಿನಲ್ಲಿ ಮುಳುಗಿಸಿದ್ದು ಪ್ಲಾಟಿನಂ ಪಟ್ಟಿಗಳನ್ನು. ಅಂದು ಏರಿಸಿದ ಆ ಪೀಠದಿಂದ ಪ್ಲಾಟಿನಂ ಇನ್ನೂ ಪೂರ್ತಿಯಾಗಿ ಕೆಳಗಿಳಿದಿಲ್ಲ. ನೂರೆಂಬತ್ತಕ್ಕೂ ಮಿಗಿಲಾದ ವರ್ಷಗಳ ಈ ಚರಿತ್ರೆಯನ್ನು, ಆ ದುಬಾರಿ ಲೋಹದ ಸ್ಥಾನದಲ್ಲಿ ಅಗ್ಗದ ವಸ್ತುವೊಂದನ್ನು ಕೂರಿಸುವ ಪ್ರಯತ್ನಗಳ ಚರಿತ್ರೆಯೆಂದೇ ಓದಬಹುದು.

ಪ್ಲಾಟಿನಂ ಏಕೆ ಬೇಕು? ಜಲಜನಕದ ಕಡೆ ತೊಂದರೆಯೇನೂ ಹೆಚ್ಚಿಲ್ಲ. ಅದು ತನ್ನ ಎಲೆಕ್ಟ್ರಾನುಗಳನ್ನು ಸುಲಭವಾಗಿ ಬಿಟ್ಟುಕೊಡುತ್ತದೆ. ಹಟ ಹಿಡಿಯುವುದು ಆಮ್ಲಜನಕ. ಅದರ ಅಣುವಿನಲ್ಲಿ ಎರಡು ಪರಮಾಣುಗಳು ಒಂದರ ಎರಡು ಕೈಗಳನ್ನು ಮತ್ತೊಂದು ಹಿಡಿದಂತೆ ಬಿಗಿಯಾಗಿ ಕೂಡಿಕೊಂಡಿರುತ್ತವೆ. ಅವುಗಳನ್ನು ಬಿಡಿಸಿ, ನಾಲ್ಕು ಎಲೆಕ್ಟ್ರಾನುಗಳನ್ನು ಒಪ್ಪಿಸಿ ನೀರಾಗಿಸಬೇಕು. ಆಮ್ಲಜನಕದ ಅಪಕರ್ಷಣವೆಂದರೆ ಇದೇ. ನಾಲ್ಕರ ಬದಲು ಎರಡನ್ನೇ ಸ್ವೀಕರಿಸಿ ನಿಂತರೆ ನೀರಿನ ಬದಲು ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿ, ಕೋಶದ ಒಳಗಿನ ಪೊರೆಯನ್ನೇ ಕೆಡಿಸುತ್ತದೆ. ಆದಕಾರಣ ಒಬ್ಬ ಮಧ್ಯಸ್ಥ ಬೇಕು. ಇಲ್ಲಿನ ಮಕ್ಕಳು ಕ್ಯಾಟಲಿಸ್ಟ್ ಎನ್ನುವ, ನಮ್ಮ ಪಠ್ಯಪುಸ್ತಕಗಳು ಕ್ರಿಯಾವರ್ಧಕವೆಂದು ಕರೆಯುವ ಆ ಮಧ್ಯಸ್ಥನ ಕೆಲಸ, ಸಂಬಂಧ ಕುದುರಿಸುವ ನಮ್ಮೂರ ಹಿರಿಯರ ಕೆಲಸದಂತೆ. ಎರಡೂ ಕಡೆಯವರನ್ನು ಚಾವಡಿಗೆ ಕರೆತರಬೇಕು, ಮಾತು ಮುಗಿದ ಮೇಲೆ ತಾನು ನಡುವೆ ಉಳಿಯಬಾರದು. ಆಮ್ಲಜನಕವನ್ನು ಸಡಿಲವಾಗಿ ಹಿಡಿದರೆ ಕೆಲಸವಾಗದು, ಬಿಗಿಯಾಗಿ ಹಿಡಿದರೆ ಬಿಡುಗಡೆಯಾಗದು. ಈ ಹದ ಪ್ಲಾಟಿನಂಗೆ ಸಿದ್ಧಿಸಿದಷ್ಟು ಬೇರೆ ಯಾವ ಶುದ್ಧ ಲೋಹಕ್ಕೂ ಸಿದ್ಧಿಸಲಿಲ್ಲ. ಆದರೆ ಲೋಕದ ಪ್ಲಾಟಿನಂನ ಬಹುಪಾಲು ಬರುವುದು ದಕ್ಷಿಣ ಆಫ್ರಿಕದ ಆಳವಾದ ಗಣಿಗಳಿಂದ. ಅದನ್ನೇ ನೆಚ್ಚಿದ ವಿದ್ಯುತ್ತು ಹಳ್ಳಿಯ ಮನೆಗೆ ನಿಲುಕುವುದು ಹೇಗೆ?

ಅಂತರಿಕ್ಷಯಾನಕ್ಕೆ ಬೆಲೆಯ ಚಿಂತೆಯಿರಲಿಲ್ಲ. 1965ರ ಆಗಸ್ಟಿನಲ್ಲಿ ಜೆಮಿನಿ 5 ನೌಕೆ ಇಂಧನಕೋಶವನ್ನು ಮೊದಲ ಬಾರಿಗೆ ಮನುಷ್ಯರೊಡನೆ ಕೊಂಡೊಯ್ದಿತು. ಅದರಲ್ಲಿದ್ದದ್ದು ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಪ್ಲಾಟಿನಂ ಕೋಶ. ಅಪೊಲೊ ನೌಕೆಗಳದು ಬೇರೆ ವಂಶ. ಇಂಗ್ಲೆಂಡಿನ ಫ್ರಾನ್ಸಿಸ್ ಥಾಮಸ್ ಬೇಕನ್ ಎಂಬ ಎಂಜಿನಿಯರು 1930ರ ದಶಕದಿಂದ ಪಟ್ಟುಹಿಡಿದು, ಆಮ್ಲದ ಬದಲು ಕ್ಷಾರವನ್ನೂ ಪ್ಲಾಟಿನಂನ ಬದಲು ನಿಕ್ಕಲ್ಲನ್ನೂ ಬಳಸಿ, 1959ರಲ್ಲಿ ಸಮರ್ಥವಾದ ಕೋಶವೊಂದನ್ನು ಸಾರ್ವಜನಿಕವಾಗಿ ಓಡಿಸಿ ತೋರಿಸಿದ್ದ. ಆದರೆ ಅದಕ್ಕೆ ಹೆಚ್ಚಿನ ಉಷ್ಣವೂ ಒತ್ತಡವೂ ಶುದ್ಧ ಆಮ್ಲಜನಕವೂ ಬೇಕು. ಗಾಳಿಯಲ್ಲಿನ ಇಂಗಾಲಾಮ್ಲ ತಗುಲಿದರೆ ಕ್ಷಾರ ಕೆಡುತ್ತದೆ. 1970ರ ಏಪ್ರಿಲಿನಲ್ಲಿ ಅಪೊಲೊ 13ರ ಆಮ್ಲಜನಕದ ತೊಟ್ಟಿ ಸಿಡಿದಾಗ ಯಾತ್ರಿಕರು ಉಸಿರಿನ ಜೊತೆಗೆ ದೀಪ, ನೀರು, ಶಾಖಗಳನ್ನೂ ಕಳೆದುಕೊಳ್ಳುವಂತಾದದ್ದು, ಅವೆಲ್ಲವೂ ಆ ಕೋಶಗಳಿಂದಲೇ ಬರುತ್ತಿದ್ದವೆಂಬ ಕಾರಣಕ್ಕೆ.

ಇತ್ತ ನೆಲದ ಮೇಲೆ, ಯಾರ ಗಮನಕ್ಕೂ ಬೀಳದೆ, ಬಡ ದಾಯಾದಿಯೊಂದು ಬೆಳೆಯುತ್ತಿತ್ತು. ಅದೇ ಸತು-ಗಾಳಿ ಬ್ಯಾಟರಿ. 1932ರಲ್ಲಿ ಹೈಸ್ ಮತ್ತು ಶೂಮಾಕರ್ ಎಂಬ ಇಬ್ಬರು, ಕ್ಲೀವ್‌ಲ್ಯಾಂಡಿನ ನ್ಯಾಷನಲ್ ಕಾರ್ಬನ್ ಕಂಪನಿಯಲ್ಲಿ, ಸೂಕ್ಷ್ಮರಂಧ್ರಗಳ ಇಂಗಾಲಕ್ಕೆ ಮೇಣ ಸವರಿ, ನೀರು ಸೋರದೆ ಗಾಳಿ ಮಾತ್ರ ಒಳಸೇರುವಂತೆ ಮಾಡಿದರು. ರೈಲ್ವೆಯ ಸಂಕೇತದೀಪಗಳನ್ನು ಅದು ವರ್ಷಗಟ್ಟಲೆ ಬೆಳಗಿತು. ಅದರ ಮರಿಮಗುವೇ ನನ್ನ ಅತ್ತೆಯವರ ಕಿವಿಯಲ್ಲಿರುವುದು! ಒಳಗೆ ಸತುವಿನ ಪುಡಿ ಮತ್ತು ಕ್ಷಾರ. ಹೊರಗೆ ನಾಲ್ಕಾರು ಸೂಜಿರಂಧ್ರಗಳು. ಚೀಟಿ ಕಿತ್ತೊಡನೆ ಕೋಣೆಯ ಗಾಳಿಯಲ್ಲಿನ ಆಮ್ಲಜನಕ ಒಳನುಗ್ಗಿ, ಇಂಗಾಲ ಮತ್ತು ಮ್ಯಾಂಗನೀಸ್ ಆಕ್ಸೈಡ್ ಬೆರೆತ ತೆಳುಪದರದ ಮೇಲೆ ಎಲೆಕ್ಟ್ರಾನುಗಳನ್ನು ಸ್ವೀಕರಿಸುತ್ತದೆ. ಪ್ಲಾಟಿನಂನ ಹಂಗಿಲ್ಲ. ಕ್ಷಾರದಲ್ಲಿ ಆಮ್ಲಜನಕದ ಹಟ ಕೊಂಚ ಸಡಿಲವಾಗುವುದೇ ಇದಕ್ಕೆ ಕಾರಣ. ಕಾರುಗಳಲ್ಲಿ ಬಳಸುವ ಪೊರೆಯ ಕೋಶಗಳಾದರೋ ಆಮ್ಲಸ್ವಭಾವದವು. ಕ್ಷಾರದಲ್ಲಿ ಗೆದ್ದ ವಸ್ತು ಆಮ್ಲದಲ್ಲಿ ಸೋಲಬಹುದೆಂಬ ಈ ಅಂಶವನ್ನು ಓದುಗರು ಮನಸ್ಸಿನಲ್ಲಿಡಬೇಕು. ಮುಂದೆ ಬರುವ ಅನೇಕ ಉತ್ಸಾಹದ ಸುದ್ದಿಗಳ ಗುಟ್ಟು ಇಲ್ಲಿದೆ.

1964ರಲ್ಲಿ ರೇಮಂಡ್ ಜಸಿನ್ಸ್ಕಿ ಎಂಬ ವಿಜ್ಞಾನಿ, ನೀಲಿ ಬಣ್ಣಗಳ ಕುಲಕ್ಕೆ ಸೇರಿದ ಕೋಬಾಲ್ಟ್ ಥಾಲೊಸಯನೀನ್ ಆಮ್ಲಜನಕವನ್ನು ಅಪಕರ್ಷಿಸಬಲ್ಲದೆಂದು ತೋರಿಸಿದ. ಒಂದು ಲೋಹದ ಪರಮಾಣು, ಅದರ ಸುತ್ತ ನಾಲ್ಕು ಸಾರಜನಕ, ಅವುಗಳ ಸುತ್ತ ಇಂಗಾಲದ ಬಲೆ. ನಮ್ಮ ರಕ್ತದಲ್ಲಿ ಕಬ್ಬಿಣವು ಆಮ್ಲಜನಕವನ್ನು ಹೊರುವುದೂ ಇಂಥದೇ ಪೀಠದಲ್ಲಿ ಕುಳಿತು. 1989ರಲ್ಲಿ ಮತ್ತೆ ಅದೇ ಕ್ಲೀವ್‌ಲ್ಯಾಂಡಿನಲ್ಲಿ ಅರ್ನೆಸ್ಟ್ ಯೇಗರ್ ಮತ್ತು ಸಂಗಡಿಗರು, ಆ ದುಬಾರಿ ಬಣ್ಣವೇ ಬೇಕಿಲ್ಲ, ಸಾರಜನಕವುಳ್ಳ ಸಾಧಾರಣ ಪಾಲಿಮರನ್ನು ಕಬ್ಬಿಣ ಅಥವಾ ಕೋಬಾಲ್ಟಿನ ಲವಣ ಮತ್ತು ಇಂಗಾಲದೊಡನೆ ಸುಟ್ಟರೂ ಸಾಕೆಂದು ತೋರಿಸಿದರು. ಇದೇ ಅವಧಿಯಲ್ಲಿ ಲಾಸ್ ಅಲಾಮೋಸಿನಲ್ಲಿ ಪ್ಲಾಟಿನಂನ ಬಳಕೆಯೂ ಚದರ ಸೆಂಟಿಮೀಟರಿಗೆ ಸುಮಾರು 4 ಮಿಲಿಗ್ರಾಂನಿಂದ 0.4ಕ್ಕೆ ಇಳಿಯಿತು. ಹೀಗೆ ರಾಜನ ಖರ್ಚು ತಗ್ಗಿತಾದರೂ ರಾಜ್ಯ ಉಳಿಯಿತು.

ಇನ್ನು ಗ್ರಾಫೀನ್. ಪೆನ್ಸಿಲ್ಲಿನ ಕಡ್ಡಿಯಲ್ಲಿರುವ ಗ್ರಾಫೈಟನ್ನು ಅವಲಕ್ಕಿಯ ರಾಶಿಯಂತೆ ಅಲ್ಲ, ನೀರುದೋಸೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ಕಲ್ಪಿಸಿಕೊಳ್ಳಬೇಕು. ಒಂದೇ ಒಂದು ದೋಸೆಯನ್ನು, ಅಂದರೆ ಒಂದೇ ಪರಮಾಣುವಿನಷ್ಟು ತೆಳುವಾದ ಹಾಳೆಯನ್ನು, ಹರಿಯದೆ ಬಿಡಿಸಿ ತೆಗೆದರೆ ಅದೇ ಗ್ರಾಫೀನ್. ಇಂತಹ ಹಾಳೆ ಹೇಗೆ ವರ್ತಿಸಬೇಕೆಂಬುದನ್ನು ಪಿ.ಆರ್. ವಾಲೆಸ್ 1947ರಲ್ಲೇ ಲೆಕ್ಕ ಹಾಕಿದ್ದರು. 1962ರಲ್ಲಿ ಜರ್ಮನಿಯ ಹಾನ್ಸ್-ಪೀಟರ್ ಬೋಹ್ಮ್ ಅತಿ ತೆಳುವಾದ ಇಂಗಾಲದ ಪದರಗಳನ್ನು ಕಂಡಿದ್ದರು. 2004ರಲ್ಲಿ ಮ್ಯಾಂಚೆಸ್ಟರಿನ ಆಂದ್ರೆ ಗೀಮ್ ಮತ್ತು ಕಾನ್‌ಸ್ಟಂಟಿನ್ ನೊವೊಸೆಲೊವ್ ಸಾಧಾರಣವಾದ ಅಂಟುಪಟ್ಟಿಯಿಂದ ಪದರಗಳನ್ನು ಎಬ್ಬಿಸಿ, ಆ ಹಾಳೆಯ ವಿದ್ಯುದ್ಗುಣಗಳನ್ನು ಅಳೆದರು. 2010ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಆದ್ದರಿಂದ ಯುಗಾದಿಯ ದಿನ ಕೇಳಿಬಂದ ಮೊದಲನೆಯ ಮಾತು ನಿಲ್ಲುವುದಿಲ್ಲ. ಗ್ರಾಫೀನನ್ನು ಕಂಡುಹಿಡಿದವರು ನಮ್ಮವರಲ್ಲ.

ಹಾಗಾದರೆ ನಮ್ಮವರ ಪಾಲೇನು? ಬೆಂಗಳೂರಿನಲ್ಲಿ 1934ರಲ್ಲಿ ಜನಿಸಿ, ಬಸವನಗುಡಿಯಲ್ಲಿ ಬೆಳೆದು, ಮೈಸೂರು ವಿಶ್ವವಿದ್ಯಾನಿಲಯದಿಂದ 1951ರಲ್ಲಿ ಪದವಿ ಪಡೆದ ಚಿಂತಾಮಣಿ ನಾಗೇಶ ರಾಮಚಂದ್ರ ರಾವ್ ಅವರು ಕಾಶಿಯಲ್ಲಿ ಎಂ.ಎಸ್ಸಿ., ಇಂಡಿಯಾನಾದ ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿ 1958ರಲ್ಲಿ ಪಿಎಚ್.ಡಿ. ಮುಗಿಸಿ, ನಮ್ಮ ಮನೆಯಿಂದ ಮುಕ್ಕಾಲು ಗಂಟೆಯ ದಾರಿಯಲ್ಲಿರುವ ಬರ್ಕ್ಲಿಯಲ್ಲಿ ಸ್ವಲ್ಪ ಕಾಲ ಸಂಶೋಧನೆ ನಡೆಸಿದರು. 1959ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರಾಗಿ ಬೆಂಗಳೂರಿಗೆ ಹಿಂದಿರುಗಿದರು. ಬರ್ಕ್ಲಿಯ ಗುಡ್ಡದ ಮೇಲೆ ನಿಂತು ಕೊಲ್ಲಿಯನ್ನು ನೋಡುವಾಗಲೆಲ್ಲ ನನಗೆ ಆ ಇಪ್ಪತ್ತೈದರ ತರುಣನ ನೆನಪಾಗುತ್ತದೆ. ಇಲ್ಲಿಗೆ ಬಂದ ನಾವು ನಿಂತೆವು, ಅವರು ಮರಳಿದರು. ಯಾರು ಸರಿಯೆಂಬ ವಾದಕ್ಕೆ ನಾನು ಇಳಿಯಲಾರೆ. ಕಾನ್ಪುರದ ಐ.ಐ.ಟಿ.ಯಲ್ಲಿ ಹಲವು ವರ್ಷ ಕಳೆದು, 1976ರಲ್ಲಿ ಮತ್ತೆ ಬೆಂಗಳೂರಿಗೆ ಬಂದು ಘನಸ್ಥಿತಿ ರಸಾಯನಶಾಸ್ತ್ರದ ವಿಭಾಗವನ್ನು ಕಟ್ಟಿದರು; 1984ರಿಂದ 1994ರವರೆಗೆ ಸಂಸ್ಥೆಯ ನಿರ್ದೇಶಕರಾಗಿದ್ದರು; 1989ರಲ್ಲಿ ಸ್ಥಾಪನೆಯಾಗಿ ಜಕ್ಕೂರಿನಲ್ಲಿ ನೆಲೆನಿಂತ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವೂ ಅವರ ಶ್ರಮದ ಫಲ. 2013ರ ನವೆಂಬರಿನಲ್ಲಿ ಅವರಿಗೆ ಭಾರತರತ್ನ ಘೋಷಣೆಯಾದ ದಿನವೇ ಸಚಿನ್ ತೆಂಡೂಲ್ಕರರಿಗೂ ಆಯಿತು. ನಮ್ಮ ಕೂಟದಲ್ಲಿ ಆ ವಾರವೆಲ್ಲ ಕ್ರಿಕೆಟಿನದೇ ಮಾತು.

ಗ್ರಾಫೀನ್ ಲೋಕದ ಗಮನ ಸೆಳೆದಾಗ ರಾವ್ ಅವರಿಗೆ ಎಪ್ಪತ್ತು ದಾಟಿತ್ತು. ಆ ವಯಸ್ಸಿನಲ್ಲಿ ಅವರ ತಂಡ ಜಕ್ಕೂರಿನಲ್ಲಿ ಜಲಜನಕ ತುಂಬಿದ ಪಾತ್ರೆಯೊಳಗೆ ಗ್ರಾಫೈಟ್ ಕಡ್ಡಿಗಳ ನಡುವೆ ವಿದ್ಯುತ್ ಜ್ವಾಲೆ ಹೊತ್ತಿಸಿ ಗ್ರಾಫೀನ್ ಪದರಗಳನ್ನು ತಯಾರಿಸಿತು. ಅದೇ ಪಾತ್ರೆಗೆ ಪಿರಿಡೀನ್ ಅಥವಾ ಅಮೋನಿಯಾ ಬೆರೆಸಿದರೆ ಸಾರಜನಕ ಹೊಕ್ಕ ಗ್ರಾಫೀನ್, ಬೋರಾನಿನ ಸಂಯುಕ್ತ ಬೆರೆಸಿದರೆ ಬೋರಾನ್ ಹೊಕ್ಕ ಗ್ರಾಫೀನ್. ಈ ಕೆಲಸ 2009ರಲ್ಲಿ ಪ್ರಕಟವಾಯಿತು. ಶುದ್ಧ ಗ್ರಾಫೀನಿನ ಹಾಳೆ ಅಷ್ಟಾಗಿ ಆಮ್ಲಜನಕದ ಗೊಡವೆಗೆ ಹೋಗದು. ಅಲ್ಲಲ್ಲಿ ಇಂಗಾಲದ ಬದಲು ಸಾರಜನಕ ಕುಳಿತಾಗ ನೆರೆಯ ಇಂಗಾಲದ ಸ್ವಭಾವ ಬದಲಾಗಿ ಆಮ್ಲಜನಕಕ್ಕೆ ಹಿಡಿತ ಸಿಗುತ್ತದೆ. ಬೆರಕೆಯೇ ಇಲ್ಲಿ ಬಲ. ಮುಂದೆ ಅವರ ತಂಡ ಬೋರಾನ್, ಇಂಗಾಲ, ಸಾರಜನಕ ಮೂರೂ ಕೂಡಿದ ಪದರಗಳನ್ನು ತಯಾರಿಸಿತು. ಅದಕ್ಕೆ ಬೇಕಾದ ಸಾಮಗ್ರಿಯ ಪಟ್ಟಿ ಓದಿದಾಗ ನನಗೆ ನಗೆ ಬಂತು. ಸಂಸ್ಕರಿಸಿದ ಇದ್ದಿಲು, ಗದ್ದೆಗೆ ಹಾಕುವ ಯೂರಿಯಾ, ಮತ್ತು ಬಾಲ್ಯದಲ್ಲಿ ನಾವು ಕೇರಂ ಹಲಗೆಗೆ ಉದುರಿಸುತ್ತಿದ್ದ ಬೋರಿಕ್ ಪುಡಿ! ಇವನ್ನು ಬೆರೆಸಿ ಸುಮಾರು 900 ಡಿಗ್ರಿಯಲ್ಲಿ ಕಾಯಿಸುವುದು. ಈ ಪದರಗಳು ಪ್ಲಾಟಿನಂ ಇಲ್ಲದೆ ಆಮ್ಲಜನಕವನ್ನು ಅಪಕರ್ಷಿಸಬಲ್ಲವೆಂದು 2014ರಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ಸಂಪತ್ ಅವರೊಡಗೂಡಿ, ಪ್ರಕಟಿಸಿದರು. ಪರೀಕ್ಷೆ ನಡೆದದ್ದು ಕ್ಷಾರದಲ್ಲಿ ಎಂಬುದನ್ನು ಮರೆಯಬಾರದು.

ಈ ಓಟದಲ್ಲಿ ಬೆಂಗಳೂರು ಒಂಟಿಯಾಗಿರಲಿಲ್ಲ. 2009ರಲ್ಲಿ ಓಹಾಯೋದ ಡೇಟನ್ನಿನಿಂದ ಲಿಮಿಂಗ್ ದಾಯ್ ಅವರ ತಂಡ, ಸಾರಜನಕ ಬೆರೆತ ಇಂಗಾಲದ ಸೂಕ್ಷ್ಮನಳಿಕೆಗಳು ಕ್ಷಾರದಲ್ಲಿ ಪ್ಲಾಟಿನಮ್ಮನ್ನು ಮೀರಿಸುತ್ತವೆಂದು ಪ್ರಕಟಿಸಿ ಲೋಕವನ್ನು ಬೆರಗುಗೊಳಿಸಿತು. ಮರುವರ್ಷ ಸಾರಜನಕದ ಗ್ರಾಫೀನನ್ನು ಕುರಿತೂ ಅದೇ ಮಾತು ಹೇಳಿತು. ನಮ್ಮ ಕೊಲ್ಲಿಯ ಪ್ರದೇಶದ ದಾಯ್ ಬೇರೆ. ಹೆಸರಿನಿಂದ ನಾನೂ ಮೊದಲು ಮೋಸಹೋದೆ. ಸ್ಟ್ಯಾನ್‌ಫರ್ಡಿನ ಹಾಂಗ್‌ಜಿಯೆ ದಾಯ್ ಅವರ ತಂಡ 2011ರಲ್ಲಿ ಗ್ರಾಫೀನಿನ ಹಾಳೆಯ ಮೇಲೆ ಕೋಬಾಲ್ಟ್ ಆಕ್ಸೈಡಿನ ಸೂಕ್ಷ್ಮ ಹರಳುಗಳನ್ನು ಬೆಳೆಸಿತು. ಬಿಡಿಬಿಡಿಯಾಗಿ ಎರಡೂ ಮಂದ, ಕೂಡಿದಾಗ ಚುರುಕು. 2013ರಲ್ಲಿ ಅದೇ ತಂಡ ಈ ಬಗೆಯ ಜೋಡಿಗಳನ್ನು ಬಳಸಿ, ಮತ್ತೆ ಮತ್ತೆ ವಿದ್ಯುತ್ ತುಂಬಬಲ್ಲ ಸತು-ಗಾಳಿ ಬ್ಯಾಟರಿಯನ್ನೂ ಮಾಡಿ ತೋರಿಸಿತು. ಸ್ಯಾನ್ ಹೋಸೆಯ ಐ.ಬಿ.ಎಂ. ಆಲ್ಮಡೆನ್ ಪ್ರಯೋಗಾಲಯ 2009ರಲ್ಲಿ ಒಮ್ಮೆ ತುಂಬಿದರೆ 500 ಮೈಲಿ ಓಡಿಸುವ ಲಿಥಿಯಂ-ಗಾಳಿ ಬ್ಯಾಟರಿಯ ಯೋಜನೆಗೆ ಕೈಹಾಕಿತು. ಅದು ರಸ್ತೆಗೆ ಇಳಿಯಲಿಲ್ಲ.

ಹೀಗೆ ಲೇಖನಗಳ ಮೇಲೆ ಲೇಖನಗಳು ಬರುತ್ತಿರಲು, ಒಬ್ಬ ಸಂದೇಹವಾದಿ ಎದ್ದು ನಿಂತ. ಆಗ ಸಿಂಗಪುರದಲ್ಲಿದ್ದ ಮಾರ್ಟಿನ್ ಪುಮೆರಾ 2013ರಲ್ಲಿ ಹೇಳಿದ್ದಿಷ್ಟು: ಗ್ರಾಫೀನ್ ತಯಾರಿಸಲು ಗ್ರಾಫೈಟಿಗೆ ಪರ್ಮ್ಯಾಂಗನೇಟ್ ಹಾಕುತ್ತೀರಿ, ಎಷ್ಟು ತೊಳೆದರೂ ಮ್ಯಾಂಗನೀಸಿನ ಲವಲೇಶ ಉಳಿದಿರುತ್ತದೆ, "ಲೋಹರಹಿತ" ಎಂದು ನೀವು ಹೊಗಳುವ ಹಾಳೆಯ ಕೆಲಸವನ್ನು ಆ ಲೋಹವೇ ಮಾಡುತ್ತಿರಬಹುದು. ಅತ್ತೆಯವರ ಬ್ಯಾಟರಿಯಲ್ಲಿ ದುಡಿಯುವುದೂ ಮ್ಯಾಂಗನೀಸೇ ಎಂಬುದನ್ನು ನೆನೆದರೆ ಈ ಆಕ್ಷೇಪ ಹುರುಳಿಲ್ಲದ್ದೆನಿಸದು. 2020ರಲ್ಲಿ ಆತನೂ ಸಂಗಡಿಗರೂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗ್ರಾಫೀನಿಗೆ ಹಕ್ಕಿಯ ಹಿಕ್ಕೆಯನ್ನೇ ಬೆರೆಸಿ ಕಾಯಿಸಿ ಪರೀಕ್ಷಿಸಿದರು. ಬೆರಕೆಯಿಲ್ಲದ ಗ್ರಾಫೀನಿಗಿಂತ ಅದು ಚೆನ್ನಾಗಿ ಕೆಲಸಮಾಡಿತು! ಆ ಲೇಖನದ ಶೀರ್ಷಿಕೆಯನ್ನು ಸ್ಮರಣಸಂಚಿಕೆಯೊಂದರಲ್ಲಿ ಕನ್ನಡಿಸಲು ನನ್ನ ಲೇಖನಿ ಹಿಂಜರಿಯುತ್ತದೆ. ಸಿಕ್ಕಸಿಕ್ಕದ್ದನ್ನು ಬೆರೆಸಿ ಹೊಸದೆಂದು ಸಾರುವವರನ್ನು ಅದು ಚುಚ್ಚಿತು. ಹಾಗೆಂದು ಎಲ್ಲವೂ ಹುಸಿಯಲ್ಲ. 2016ರಲ್ಲಿ ಜಪಾನಿನ ತ್ಸುಕುಬಾದ ನಕಮುರಾ ಅವರ ತಂಡ, ಬಹು ಎಚ್ಚರದಿಂದ ಸಿದ್ಧಪಡಿಸಿದ ಗ್ರಾಫೈಟ್ ಮೇಲ್ಮೈಗಳಲ್ಲಿ, ಒಂದು ಬಗೆಯ ಸಾರಜನಕದ ಪಕ್ಕದ ಇಂಗಾಲವೇ ಕಾರ್ಯಸ್ಥಾನವೆಂದು ತೋರಿಸಿತು.

ಇಂದಿನ ಸ್ಥಿತಿಯೇನು? ಓಕ್‌ಲ್ಯಾಂಡಿನ ಎ.ಸಿ. ಟ್ರಾನ್ಸಿಟ್ ಸಂಸ್ಥೆ 2006ರಲ್ಲಿ ಮೂರು ಇಂಧನಕೋಶದ ಬಸ್ಸುಗಳನ್ನು ಓಡಿಸಲಾರಂಭಿಸಿದಾಗ ಅವುಗಳಿಗೆ ಜಲಜನಕ ಒದಗಿಸಿದ್ದು, ಆಗ ನಮ್ಮ ಸ್ಯಾನ್ ರಮೋನಿನಲ್ಲೇ ಮುಖ್ಯ ಕಚೇರಿ ಹೊಂದಿದ್ದ ಶೆವ್ರಾನ್. ತೈಲದ ದೊರೆಯೇ ಜಲಜನಕವನ್ನು ಬಡಿಸಿದ ಆ ವಿಚಿತ್ರ ನೆಂಟಸ್ತಿಕೆ ಬಹಳ ದಿನ ನಡೆಯಲಿಲ್ಲ. ತನ್ನ ಕಚೇರಿಯನ್ನೇ ಹ್ಯೂಸ್ಟನ್ನಿಗೆ ಒಯ್ಯುವುದಾಗಿ ಆ ಸಂಸ್ಥೆ 2024ರ ಆಗಸ್ಟಿನಲ್ಲಿ ಸಾರಿತು. 2015ರಿಂದ ಕ್ಯಾಲಿಫೋರ್ನಿಯಾದಲ್ಲಿ ಮಾರಾಟವಾದ ಟೊಯೋಟಾ ಮಿರಾಯ್ ಕಾರಿನ ಕೋಶದಲ್ಲಿಯೂ ಪ್ಲಾಟಿನಮ್ಮೇ ಇದೆ. ಪ್ಲಾಟಿನಂ ಇಲ್ಲದ ಪೊರೆಯ ಕೋಶವೊಂದು ಮಾರುಕಟ್ಟೆಗೆ ಬರುವುದೆಂದು ಕೆನಡಾದ ಬ್ಯಾಲಾರ್ಡ್ ಮತ್ತು ಜಪಾನಿನ ನಿಶಿನ್ಬೊ ಸಂಸ್ಥೆಗಳು ಘೋಷಿಸಿದ್ದು 2017ರಲ್ಲಿ. ಅದರ ಶಕ್ತಿ 30 ವಾಟ್, ಒಂದು ಸಣ್ಣ ದೀಪದಷ್ಟು. ಕಬ್ಬಿಣ, ಸಾರಜನಕ, ಇಂಗಾಲಗಳ ಕೂಟವೇ ಆಮ್ಲದಲ್ಲಿ ಪ್ಲಾಟಿನಂಗೆ ಅತ್ಯಂತ ಸಮೀಪ ಬಂದಿದೆ. ಆದರೆ ಅದು ಬಹುಕಾಲ ಬಾಳುವುದಿಲ್ಲ. ಯುಗಾದಿಯ ದಿನದ ಎರಡನೆಯ ಮಾತೂ ಹೀಗೆ ಅವಸರದ್ದಾಯಿತು.

ಓದಿದ್ದನ್ನೆಲ್ಲ ಟಿಪ್ಪಣಿ ಮಾಡಿಕೊಂಡು, ಗಣೇಶನ ಹಬ್ಬದ ಕೂಟದಲ್ಲಿ ಆ ಹಿರಿಯರಿಗೆ ಮೆಲ್ಲನೆ ಹೇಳಿದೆ. ಅವರು ಬೇಸರಿಸಿಕೊಳ್ಳುವರೇನೋ ಎಂಬ ಅಳುಕಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನಮ್ಮವರು ಮಾಡಿದ್ದೇನಮ್ಮ?" ಎಂದರು. ಇದ್ದಿಲು, ಯೂರಿಯಾ, ಕೇರಂ ಪುಡಿಯ ಸಂಗತಿಯನ್ನು ವಿವರಿಸಿದೆ. ಎಪ್ಪತ್ತು ದಾಟಿದ ಮೇಲೆ ಹೊಸ ವಸ್ತುವೊಂದನ್ನು ಕೈಗೆತ್ತಿಕೊಂಡ ಸಂಗತಿಯನ್ನೂ ಹೇಳಿದೆ. ಅವರದೂ ಎಪ್ಪತ್ತೆರಡರ ವಯಸ್ಸು. "ಇದು ನಾನು ಹೇಳಿದ್ದಕ್ಕಿಂತ ಚೆನ್ನಾಗಿದೆಯಲ್ಲ. ಸಮ್ಮೇಳನದ ಸಂಚಿಕೆಗೆ ಬರೆದುಕೊಡಿ" ಎಂದರು. ಪಕ್ಕದಲ್ಲೇ ಕುಳಿತಿದ್ದ ಅತ್ತೆಯವರು ಈ ಸಲ ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಕೇರಂ ಪುಡಿ ಗಣಿತದ ಮೇಷ್ಟ್ರ ಮನೆಯಲ್ಲಿ ಯಾವಾಗಲೂ ಇರುತ್ತಿತ್ತು" ಎಂದು ಹಾಸನದ ತಮ್ಮ ಬಾಲ್ಯದ ಕಥೆಯೊಂದನ್ನು ಆರಂಭಿಸಿದರು.